ಯಾವುದು ಬೇಕು ಸ್ವಾಮಿ?

ಫೋನಿನ ಆ ತುದಿಯಲ್ಲಿ ಒಬ್ಬರು ಕಾಯುತ್ತಿದ್ದರು. "ಆ ನಂಬರ್ ಒಂದ್ಸಲ ಓದಿ ಹೇಳ್ತೀರಾ ಸಾರ್?" ಅಂದರು. "ಒಂದೇ ನಿಮಿಷ" ಅಂದೆ. ನಿಜಕ್ಕೂ ಒಂದು ನಿಮಿಷ ಬೇಕಿರಲಿಲ್ಲ. ಆ ನಂಬರಿದ್ದ ಎಕ್ಸೆಲ್ ಹಾಳೆಯನ್ನು ಆಗಷ್ಟೇ ನೋಡುತ್ತಿದ್ದೆ. ಮಧ್ಯೆ ಒಂದು ಮೇಲ್ ಇಣುಕಿ ನೋಡಿ ಬಂದಿದ್ದೆ, ಅಷ್ಟೆ. ಪರದೆಯ ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರಿನಲ್ಲಿದ್ದ ಎಕ್ಸೆಲ್ ಐಕಾನ್ ಮೇಲೆ ಕ್ಲಿಕ್ ಮಾಡಿದೆ. ಹಾಳೆ ಬರಲಿಲ್ಲ. ಐದು ಪುಟ್ಟ ಚಿತ್ರಗಳು ಸಾಲಾಗಿ ಎದ್ದು ನಿಂತವು. ಯಾವುದು ಬೇಕು ಸ್ವಾಮಿ?

ಐದೂ ಬೆಳ್ಳಗಿದ್ದವು. ಐದರಲ್ಲೂ ಗೆರೆ, ಐದರಲ್ಲೂ ಇರುವೆ ಸಾಲಿನಂಥ ಅಕ್ಷರ. ಚಿತ್ರದ ತಲೆಯ ಮೇಲೆ ಫೈಲಿನ ಹೆಸರು ಬರೆದಿರುತ್ತದೆ, ನಿಜ. ಆದರೆ ಜಾಗ ಸಾಲದೆ ಅರ್ಧಕ್ಕೇ ಕತ್ತರಿಸಿರುತ್ತದೆ. ನನ್ನ ಫೈಲುಗಳೆಲ್ಲ 'ಈ ವರ್ಷದ ಲೆಕ್ಕ' ಅಂತಲೇ ಶುರುವಾಗುತ್ತವೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಅಂದಾಜಿನ ಮೇಲೆ ಒಂದನ್ನು ಒತ್ತಿದೆ. ಅದಲ್ಲ. ಇನ್ನೊಂದು. ಅದೂ ಅಲ್ಲ. "ಹಲೋ, ಇದ್ದೀರಾ ಸಾರ್?" ಇದ್ದೇನೆ ಮಹರಾಯ, ನಾನು ಇದ್ದೇನೆ, ನಂಬರೇ ಇಲ್ಲ.

ಕೊನೆಗೆ ಸಿಕ್ಕಿತು. ಐದನೆಯದು. ಯಾವಾಗಲೂ ಐದನೆಯದೇ.

ಆ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ, ಈ ಐದು ಚಿತ್ರಗಳ ವಿಷಯದಲ್ಲಿ ಮನುಷ್ಯನ ನೆನಪಿನ ಬಗ್ಗೆ ಏನೋ ಒಂದು ದೊಡ್ಡ ಮಾತು ಅಡಗಿದೆ ಅಂತ ಅನ್ನಿಸಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸಿಟ್ಟು ಮುಗಿಸಿಕೊಳ್ಳಲು ಬಿಡಿ.

ನನ್ನ ಸಿಟ್ಟು ಕೇಳಿದ್ದಕ್ಕಲ್ಲ. ಗೊತ್ತಿದ್ದೂ ಕೇಳಿದ್ದಕ್ಕೆ. ನಾನು ಕೊನೆಯದಾಗಿ ಯಾವ ಕಿಟಕಿಯಲ್ಲಿದ್ದೆ, ಅದಕ್ಕೂ ಮುಂಚೆ ಯಾವುದರಲ್ಲಿದ್ದೆ ಅನ್ನುವುದು ಆ ಯಂತ್ರಕ್ಕೆ ಚೆನ್ನಾಗಿ ಗೊತ್ತು. ಆಲ್ಟ್ ಕೀ ಹಿಡಿದು ಟ್ಯಾಬ್ ಒತ್ತಿ ನೋಡಿ. ನೇರವಾಗಿ ಈಗಷ್ಟೇ ಬಿಟ್ಟುಬಂದ ಕಿಟಕಿಗೇ ಕರೆದುಕೊಂಡು ಹೋಗುತ್ತದೆ. ಆ ಸಾಲು ಇರುವುದೇ ಹಾಗೆ, ಇತ್ತೀಚೆಗೆ ಮುಟ್ಟಿದ್ದು ಮೊದಲು, ಹಳೆಯದು ಹಿಂದೆ. ಅಂದರೆ ಮೇಲುಗಡೆ ಕೀಬೋರ್ಡಿನವನನ್ನು ಕೇಳಿದರೆ "ಬನ್ನಿ, ಇಲ್ಲೇ ಇದ್ರಲ್ಲ" ಅನ್ನುತ್ತಾನೆ. ಕೆಳಗಡೆ ಐಕಾನಿನವನನ್ನು ಕೇಳಿದರೆ "ಯಾರು ನೀವು? ಯಾವುದು ಬೇಕು?" ಅನ್ನುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಕೆಲಸಕ್ಕಿರುವವರು!

ಹಾಗಾದರೆ ಆಲ್ಟ್-ಟ್ಯಾಬನ್ನೇ ಬಳಸಬಾರದೇ ಅಂತ ಕೇಳುವವರಿದ್ದಾರೆ. ಅವರನ್ನು ಕಂಡರೆ ನನಗೆ ಆಗುವುದಿಲ್ಲ. ಬಲಗೈ ಮೌಸ್ ಹಿಡಿದು, ಎಡಗೈ ಫೋನ್ ಹಿಡಿದಿರುವವನಿಗೆ ಮೂರನೆಯ ಕೈ ಎಲ್ಲಿಂದ ಬರಬೇಕು? ಮ್ಯಾಕ್ ತಗೊಳ್ಳಿ ಅನ್ನುವವರು ಇನ್ನೊಂದು ಪಂಗಡ. ಅಲ್ಲಿ ಕಮಾಂಡ್-ಟ್ಯಾಬ್ ಒತ್ತಿದರೆ ಆ್ಯಪಿನಿಂದ ಆ್ಯಪಿಗೆ ಹೋಗುತ್ತದೆ. ಅದೇ ಆ್ಯಪಿನ ಇನ್ನೊಂದು ಕಿಟಕಿ ಬೇಕಾದರೆ ಬೇರೆಯದೇ ಕೀ ಜೋಡಿ. ಎರಡು ಬಗೆಯ ಮರೆವಿಗೆ ಎರಡು ಬಗೆಯ ಬೆರಳು. ಬೇಡಪ್ಪ.

ಈಗ ನೀವು ಕೇಳಬಹುದು, ಐದೂ ಹಾಳೆಗಳನ್ನು ಒಂದೇ ಐಕಾನಿನ ಕೆಳಗೆ ತುಂಬಿಟ್ಟಿದ್ದು ಯಾಕೆ, ಬಿಡಿಬಿಡಿಯಾಗಿ ಹೆಸರು ಕಾಣುವ ಹಾಗೆ ಇಟ್ಟುಕೊಳ್ಳಬಹುದಲ್ಲ ಅಂತ. ಇಟ್ಟುಕೊಳ್ಳಬಹುದು. ಇಟ್ಟುಕೊಂಡಿದ್ದೆ. ಅದೇ ಒಂದು ದೊಡ್ಡ ಕತೆ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ. ಅದರೊಳಗಿನ ಅಕೌಂಟೂ ಒಂದೇ. ಬೆಳಿಗ್ಗೆ ಅದು ನನ್ನಾಕೆಯದು, ಸಂಜೆ ನನ್ನದು. ನಾನು ಕಂಪ್ಯೂಟರ್ ಕಲಿತದ್ದು ವಿಂಡೋಸ್ 95ರ ಕಾಲದಲ್ಲಿ. ಆಗ ಒಂದು ಕಿಟಕಿಗೆ ಒಂದು ಗುಂಡಿ. ಹತ್ತು ತೆರೆದರೆ ಹತ್ತು ಗುಂಡಿ. ಮೊದಮೊದಲು ಆ ಪಟ್ಟಿಯ ಮೇಲೆ ಒಂದು ಬಾಣ ಓಡಿ ಬಂದು, ಶುರುಮಾಡಲು ಇಲ್ಲಿ ಒತ್ತಿ ಅಂತ ಸ್ಟಾರ್ಟ್ ಗುಂಡಿಯನ್ನು ತೋರಿಸುತ್ತಿತ್ತು. ಎಷ್ಟು ಮರ್ಯಾದೆ! 2001ರ ಎಕ್ಸ್‌ಪಿಯಲ್ಲಿ ಜಾಗ ತುಂಬಿದರೆ ಒಂದೇ ಜಾತಿಯವನ್ನು ಗುಂಪು ಮಾಡುವುದು ಶುರುವಾಯಿತು. 2009ರ ವಿಂಡೋಸ್ 7ರಲ್ಲಿ ಜಾಗವಿರಲಿ ಬಿಡಲಿ, ಮೊದಲಿನಿಂದಲೇ ಗುಂಪು. ಹೆಸರೂ ಹೋಯಿತು, ಬರೀ ಚಿತ್ರ ಉಳಿಯಿತು. ನಾನು ಸೆಟಿಂಗ್ಸಿಗೆ ಹೋಗಿ 'ನೆವರ್' ಅಂತ ಬದಲಾಯಿಸಿಕೊಂಡೆ. ಗುಂಪು ಮಾಡಬೇಡ, ಎಂದೆಂದಿಗೂ ಬೇಡ. ಮುಂದೆ ವಿಂಡೋಸ್ 10 ಬಂದಾಗಲೂ ಮಾಡಿದ ಮೊದಲ ಕೆಲಸ ಅದೇ.

ನನ್ನಾಕೆಗೆ ಅದು ಕಣ್ಣಿಗೆ ಹಿಂಸೆ. ಒಣಹಾಕಿದ ಬಟ್ಟೆಯ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿದೆ ಅಂತ ಅವಳ ದೂರು. ದೂರು ಅಂದರೆ ಬಾಯಿಬಿಟ್ಟು ಹೇಳಿದ್ದಲ್ಲ. ಒಂದು ಸಂಜೆ ನಾನು ಬಂದು ಕೂತಾಗ ಎಲ್ಲ ಗುಂಪಾಗಿತ್ತು, ಅಷ್ಟೆ. ಏನೋ ಅಪ್‌ಡೇಟ್ ಬಂದಿರಬೇಕು ಅಂದುಕೊಂಡು ಬಿಡಿಸಿದೆ. ಮಾರನೆಯ ಸಂಜೆ ಮತ್ತೆ ಗುಂಪು. ಬಿಡಿಸಿದೆ. ಮತ್ತೆ ಗುಂಪು. ನಾಲ್ಕನೆಯ ದಿನಕ್ಕೆ ನನಗೆ ಅರ್ಥವಾಯಿತು. ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುವ ಅಪ್‌ಡೇಟ್ ಎಲ್ಲಿಯೂ ಇಲ್ಲ.

ಇದು ಎಷ್ಟು ದಿನ ನಡೆಯಿತು ಅಂದುಕೊಂಡಿರಿ? ತಿಂಗಳುಗಟ್ಟಲೆ. ಬೆಳಿಗ್ಗೆ ಅವಳು ಸೇರಿಸುತ್ತಿದ್ದಳು, ಸಂಜೆ ನಾನು ಬಿಡಿಸುತ್ತಿದ್ದೆ. ಊಟದ ಹೊತ್ತಿಗೆ ಇಬ್ಬರೂ ಎದುರುಬದುರು ಕೂತು ಲೋಕಾಭಿರಾಮವಾಗಿ ಮಾತಾಡುತ್ತಿದ್ದೆವು. ಟಾಸ್ಕ್‌ಬಾರಿನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದವರು ಸೋತ ಹಾಗೆ. ನಾನು ಬರಬರುತ್ತ ಬಹಳ ಚುರುಕಾದೆ. ಬಲ ಕ್ಲಿಕ್, ಸೆಟಿಂಗ್ಸ್, ಕೆಳಗೆ ಇಳಿ, ಬದಲಾಯಿಸು, ಮುಚ್ಚು. ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಅವಳು ಇನ್ನೂ ಚುರುಕು ಅಂತ ನನ್ನ ಗುಮಾನಿ. ಒಂದು ದಿನ ಅವಳು ಜ್ವರ ಬಂದು ಮಲಗಿದ್ದಳು. ಆ ಸಂಜೆ ನಾನು ಕೂತಾಗ ಎಲ್ಲ ಬಿಡಿಬಿಡಿಯಾಗಿಯೇ ಇತ್ತು. ಖುಷಿಯಾಗಬೇಕಿತ್ತು. ಯಾಕೋ ಏನೋ ಕಳೆದುಕೊಂಡ ಹಾಗಾಯಿತು. ಎದ್ದು ಹೋಗಿ "ಹೇಗಿದೆ ಈಗ?" ಅಂತ ಹಣೆ ಮುಟ್ಟಿ ನೋಡಿ ಬಂದೆ.

ರಜೆಗೆ ಬಂದ ಮಗ ಎರಡು ದಿನ ಇದನ್ನು ಗಮನಿಸಿದ. ಮೂರನೆಯ ದಿನ ಇಬ್ಬರಿಗೂ ಹೇಳದೆ ನಡುವಿನ ಆಯ್ಕೆ ಹಾಕಿದ. ಜಾಗ ಇರುವವರೆಗೆ ಬಿಡಿ, ತುಂಬಿದ ಮೇಲೆ ಗುಂಪು. ರಾಜಿ ಪಂಚಾಯಿತಿ. ಅದಕ್ಕಿಂತ ಕೆಟ್ಟದ್ದನ್ನು ನಾನು ನೋಡಿಲ್ಲ. ಒಂದು ಗುಂಡಿಯ ಮೇಲೆ ಕಣ್ಣಿಟ್ಟು ಮೌಸ್ ಒಯ್ಯುತ್ತಿರುತ್ತೀರಿ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹೊಸ ಕಿಟಕಿ ತೆರೆಯುತ್ತದೆ, ಜಾಗ ತುಂಬುತ್ತದೆ, ನಿಮ್ಮ ಗುಂಡಿ ಇದ್ದಕ್ಕಿದ್ದ ಹಾಗೆ ಗುಂಪಿನೊಳಗೆ ಮಾಯವಾಗಿ, ಆ ಜಾಗಕ್ಕೆ ಬೇರೊಂದು ಜರುಗಿ ಬರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ನಾನೂ ನನ್ನಾಕೆಯೂ ಒಂದಾದೆವು. ಇಬ್ಬರೂ ಸೇರಿ ಅವನನ್ನು ಬೈದೆವು.

ಅವನು ಸುಮ್ಮನಿರುವವನಲ್ಲ. ಮರುದಿನ ಬೆಳಿಗ್ಗೆ ಒಳಗಿನಿಂದ ಕೂಗು ಕೇಳಿಸಿತು. "ರೀ, ಕೆಳಗಿನ ಪಟ್ಟಿ ಎಲ್ಲಿ ಹೋಯ್ತು?"

"ನಾನೇನೂ ಮಾಡಿಲ್ಲ ಕಣೇ" ಅಂದೆ. ತಿಂಗಳುಗಳ ನಂತರ ಆ ವಿಷಯದಲ್ಲಿ ನಾನಾಡಿದ ಮೊದಲ ಮಾತು ಅದು. ಮೊದಲ ನಿಜವೂ ಹೌದು.

ಮಗ ಟಾಸ್ಕ್‌ಬಾರನ್ನು ಎಳೆದು ಪರದೆಯ ಮೇಲಂಚಿಗೆ ಹಾಕಿ, ಸಾಲದ್ದಕ್ಕೆ ತಾನಾಗಿ ಅಡಗಿಕೊಳ್ಳುವ ಹಾಗೆ ಮಾಡಿದ್ದ. ನಾವಿಬ್ಬರೂ ಮೌಸನ್ನು ಕೆಳಗಂಚಿಗೆ ಉಜ್ಜಿದ್ದೇ ಉಜ್ಜಿದ್ದು. "ಬಾರೇ ಇಲ್ಲ ಅಂದ್ರೆ ಜಗಳಾನೂ ಇಲ್ಲ ಅಲ್ವಾ?" ಅಂತ ನಕ್ಕ. ಆಮೇಲೆ ತುಂಬಾ ಸಮಾಧಾನದಿಂದ, ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಡುತ್ತೇನೆ, ಅವರವರಿಗೆ ಬೇಕಾದ ಹಾಗೆ ಇಟ್ಟುಕೊಳ್ಳಿ ಅಂದ. ಅದು ಎರಡು ನಿಮಿಷದ ಕೆಲಸ. ನಾವಿಬ್ಬರೂ ಒಟ್ಟಿಗೆ ಬೇಡ ಅಂದೆವು. ಯಾಕೆ ಬೇಡ ಅಂತ ಅವನು ಕೇಳಿದ. ಉತ್ತರ ನನ್ನ ಹತ್ತಿರ ಈಗಲೂ ಇಲ್ಲ.

ಸರಿ, ಗುಂಪೇ ಇರಲಿ ಅಂತ ನಾನು ಬಿಟ್ಟುಕೊಟ್ಟೆ. ಅದರ ಫಲವೇ ಐದು ಬಿಳಿ ಚಿತ್ರ, ಫೋನಿನಲ್ಲಿ ಕಾದವರು, ಆ ರಾತ್ರಿಯ ಹೊರಳಾಟ. ಇದು ನಮ್ಮ ಮನೆಯ ಜಗಳ ಮಾತ್ರ ಅಂದುಕೊಂಡಿದ್ದೆ. ಅಲ್ಲವಂತೆ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಬಿಡಿಸಿ ಇಡುವ ಆಯ್ಕೆಯನ್ನೇ ತೆಗೆದಿದ್ದರು. ಜನ ಗೊಣಗಿದರು. 2023ರಲ್ಲಿ ಅದು ವಾಪಸ್ ಬಂತು. ಅಂದರೆ ಅಷ್ಟು ದೊಡ್ಡ ಮಟ್ಟದಲ್ಲೂ ಬೆಳಿಗ್ಗೆ ಯಾರೋ ಸೇರಿಸಿದ್ದಾರೆ, ಸಂಜೆ ಯಾರೋ ಬಿಡಿಸಿದ್ದಾರೆ. ಅವರ ಸಂಜೆ ಬರಲು ಎರಡು ವರ್ಷ ಹಿಡಿಯಿತು, ಅಷ್ಟೇ ವ್ಯತ್ಯಾಸ.

ನಿದ್ದೆಗೆಟ್ಟ ಮೇಲೆ ನಾನು ಹುಡುಕಿದೆ. ಮೊದಲು ಸಿಕ್ಕಿದ್ದು ಕಂಟ್ರೋಲ್ ಕೀ. ಅದನ್ನು ಒತ್ತಿಹಿಡಿದು ಐಕಾನಿನ ಮೇಲೆ ಕ್ಲಿಕ್ ಮಾಡಿದರೆ ಆ ಗುಂಪಿನಲ್ಲಿ ಕೊನೆಗೆ ಬಳಸಿದ ಕಿಟಕಿ ನೇರವಾಗಿ ಬರುತ್ತದೆ. ಮತ್ತೆ ಮತ್ತೆ ಒತ್ತಿದರೆ ಉಳಿದವು ಒಂದೊಂದಾಗಿ ಬರುತ್ತವೆ. ಇಷ್ಟು ವರ್ಷ ಇದನ್ನು ಯಾರೂ ಹೇಳಲಿಲ್ಲ. ಆದರೆ ಮತ್ತೆ ಅದೇ ಮೂರನೆಯ ಕೈಯ ತಾಪತ್ರಯ.

ಇನ್ನಷ್ಟು ಕೆದಕಿ, ವಿಂಡೋಸ್ ತನ್ನ ಸೆಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ಒಳಗೆ ಇಳಿದೆ. ಅಲ್ಲಿ ಎಕ್ಸ್‌ಪ್ಲೋರರ್ ಅಂತ ಒಂದು ಕೋಣೆ, ಅದರೊಳಗೆ ಅಡ್ವಾನ್ಸ್ಡ್ ಅಂತ ಒಂದು ಗೂಡು. ಗೂಡಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 'ಟಾಸ್ಕ್‌ಬಾರ್ ಗ್ಲಾಮ್ ಲೆವೆಲ್' ಅನ್ನುವ ವಿಚಿತ್ರ ಹೆಸರು. ಗ್ಲಾಮ್ ಅಂದರೆ ಅಂಟಿಕೊಳ್ಳುವುದು. ಅದರ ಬೆಲೆ 0 ಆದರೆ ಯಾವಾಗಲೂ ಗುಂಪು, 1 ಆದರೆ ತುಂಬಿದಾಗ ಗುಂಪು, 2 ಆದರೆ ಬಿಡಿ. ನೋಡುತ್ತಾ ಕೂತೆ. ನಮ್ಮ ಅಷ್ಟು ತಿಂಗಳ ಸಂಸಾರ ಆ ಒಂದು ಅಂಕಿಯೊಳಗೆ ನಡೆದಿತ್ತು. ಅವಳು ಸೊನ್ನೆ, ನಾನು ಎರಡು, ನಡುವೆ ಮಗ.

ನನಗೆ ಬೇಕಾಗಿದ್ದದ್ದು, ಬರೀ ಕ್ಲಿಕ್ಕಿಗೇ ಕೊನೆಗೆ ಬಳಸಿದ ಕಿಟಕಿಯನ್ನು ತರುವ 'ಲಾಸ್ಟ್ ಆ್ಯಕ್ಟಿವ್ ಕ್ಲಿಕ್' ಅನ್ನುವುದು, ಅಲ್ಲಿ ಇರಲೇ ಇಲ್ಲ. ಹೆಸರನ್ನು ನಾವೇ ಬರೆದು, ಎದುರಿಗೆ 1 ಅಂತ ಹಾಕಿ, ಒಮ್ಮೆ ಲಾಗೌಟ್ ಮಾಡಿ ಬರಬೇಕು. ಮಾಡಿದೆ. ಕ್ಲಿಕ್ ಮಾಡಿದೆ. ಹಾಳೆ ಬಂತು! ಪ್ರಶ್ನೆಯಿಲ್ಲ, ಚಿತ್ರವಿಲ್ಲ, ನಾನು ಬಿಟ್ಟುಹೋದ ಹಾಳೆ, ಬಿಟ್ಟುಹೋದ ಜಾಗದಲ್ಲೇ. ಆ ಸಂಜೆ ಬೇಕಾಗಿಯೂ ಬೇಡವಾಗಿಯೂ ಹತ್ತು ಸಲ ಹೋಗಿ ಬಂದೆ.

ಬೆಳಿಗ್ಗೆ ಕೂಗು. "ರೀ, ನಾನು ನನ್ನ ಮಾರ್ಕ್ಸ್ ಹಾಳೆ ಅಂತ ಒತ್ತಿದ್ರೆ ನಿಮ್ಮ ಲೆಕ್ಕ ಬರ್ತಿದೆ. ಏನು ಮಾಡಿದ್ರಿ?"

ಅದು ನನಗೆ ಹೊಳೆದೇ ಇರಲಿಲ್ಲ. ಅವಳೂ ಹಾಳೆಗಳನ್ನು ಮುಚ್ಚುವುದಿಲ್ಲ, ನಾನೂ ಮುಚ್ಚುವುದಿಲ್ಲ. ಕೊನೆಗೆ ಬಳಸಿದ ಕಿಟಕಿ ಅಂದರೆ ಬೆಳಿಗ್ಗೆ ಅದು ನನ್ನದು, ಸಂಜೆ ಅವಳದು. ಸಂಜೆ ಎಕ್ಸೆಲ್ ಒತ್ತಿದರೆ ನನಗೆ ಮೊದಲು ಕಾಣುವುದು ಯಾವುದೋ ತರಗತಿಯ ಮಕ್ಕಳ ಗಣಿತದ ಅಂಕ. ಒಬ್ಬ ಪಾಪ ನೂರಕ್ಕೆ ಒಂಬತ್ತು ತೆಗೆದಿದ್ದ. ಅವನ ಚಿಂತೆಯಲ್ಲಿ ನನ್ನ ಲೆಕ್ಕ ತಪ್ಪಿತು. ಮುಂದಿನ ಟೆಸ್ಟಿನಲ್ಲಿ ಇಪ್ಪತ್ತೆರಡಕ್ಕೆ ಏರಿದ್ದನ್ನು ನಾನೇ ಮೊದಲು ಗಮನಿಸಿ ಅವಳಿಗೆ ಹೇಳಿದೆ. "ನಿಮಗ್ಯಾಕೆ ಅದೆಲ್ಲ?" ಅಂದಳು. ಆದರೂ ಪೇಪರ್ ತೆಗೆದು ಇನ್ನೊಂದು ಸಲ ನೋಡಿದಳು.

ನೆನಪಿನ ಬಗ್ಗೆ ಹೇಳುತ್ತೇನೆ ಅಂದಿದ್ದ ದೊಡ್ಡ ಮಾತನ್ನು ಆ ರಾತ್ರಿಯೇ ಎದ್ದು ನೋಟ್‌ಪ್ಯಾಡಿನಲ್ಲಿ ಬರೆದಿಟ್ಟಿದ್ದೆ. ಈಗ ಏಳು ನೋಟ್‌ಪ್ಯಾಡ್ ತೆರೆದಿವೆ. ಏಳಕ್ಕೂ ಹೆಸರಿಟ್ಟಿಲ್ಲ. ಒಂದೊಂದಾಗಿ ನೋಡೋಣ ಅಂತ ಐಕಾನ್ ಒತ್ತಿದೆ. ಕಿಟಕಿ ತೆರೆಯಲಿಲ್ಲ. ಏಳು ಪುಟ್ಟ ಬಿಳಿ ಚಿತ್ರಗಳು ಎದ್ದು ನಿಂತವು.

ರಿಜಿಸ್ಟ್ರಿಗೆ ಹೋಗಿ ನೋಡಿದೆ. ನಾನು ಹಾಕಿದ್ದ 1 ಈಗ 0 ಆಗಿತ್ತು. ಮಗ ರಜೆ ಮುಗಿಸಿ ಹೋಗಿ ತಿಂಗಳಾಯಿತು. ಅಷ್ಟು ಆಳಕ್ಕೆ ಇಳಿಯುವುದನ್ನು ಇವಳು ಯಾವಾಗ ಕಲಿತಳು?

ನಾನೇನೂ ಕೇಳಿಲ್ಲ. ಈಗಷ್ಟೇ ಮತ್ತೆ 1 ಮಾಡಿ ಬಂದಿದ್ದೇನೆ.