ಫ್ಲೆಕ್ಸಿನೊಳಗ ಹಿಡಿಸದ ಆಯಿ

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ತೀರಿಕೊಂಡಾಗ ಅತ್ತವರಿಗಿಂತ ಲೆಕ್ಕ ಹಾಕಿದವರೇ ಹೆಚ್ಚು. ಶಿವಗಣಾರಾಧನೆಗೆ ಮನೆ ಮುಂದೆ ಫ್ಲೆಕ್ಸ್ ಕಟ್ಟಿಸಬೇಕು, ಅದರಲ್ಲಿ ಹುಟ್ಟಿದ ತಾರೀಖು ಹಾಕಿಸಬೇಕು ಅಂತ ಸಣ್ಣ ಕಾಕಾ ಬಾಯಿ ಬಿಟ್ಟಿದ್ದೇ ತಡ, ಪಡಸಾಲೆಯಲ್ಲಿ ಕೂತಿದ್ದ ಅಷ್ಟೂ ಮಂದಿ ಕಣ್ಣೊರೆಸಿಕೊಂಡು ಬೆರಳು ಮಡಚತೊಡಗಿದರು.

ಆಧಾರ್ ಕಾರ್ಡಿನಲ್ಲಿ 1-1-1930 ಅಂತಿತ್ತು. ಅದು ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಆಯಿಯ ಮುಖ ನೋಡಿ ಅಂದಾಜಿನ ಮೇಲೆ ಒತ್ತಿದ್ದು. ನಮ್ಮ ಕಡೆ ಸಾಲಿಗೆ ಹೋದವರೆಲ್ಲ ಜೂನ್ ಒಂದಕ್ಕೆ ಹುಟ್ಟಿರುತ್ತಾರೆ, ಹೋಗದವರು ಜನವರಿ ಒಂದಕ್ಕೆ. ಆಯಿಯನ್ನೇ ಕೇಳಿದ್ದರೆ, "ನಾ ಹುಟ್ಟಿದ ವರ್ಷ ಹೊಳಿ ಊರೊಳಗ ಬಂದಿತ್ತಂತ" ಅನ್ನುತ್ತಿದ್ದಳು. ಘಟಪ್ರಭಾ ಹೊಳೆ ಹಳೆ ಬಾಗಲಕೋಟೆಯೊಳಗೆ ಬಂದು ಹೋಗುವುದು ಬೀಗರ ಮನೆಗೆ ಬಂದು ಹೋದಷ್ಟೇ ರೂಢಿಯಾಗಿದ್ದರಿಂದ ಆ ಪುರಾವೆಯಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ಇನ್ನೊಂದು ಲೆಕ್ಕ ಇತ್ತು. "ಗಾಂಧಿ ಮುತ್ಯಾನ್ನ ಹೊಡದ್ರು ಅಂತ ಸುದ್ದಿ ಬಂದಾಗ ನಾ ರೊಟ್ಟಿ ಬಡ್ಯಾಕತ್ತಿದ್ದೆ. ನಿಮ್ಮ ದೊಡ್ಡಪ್ಪ ಹೊಟ್ಟ್ಯಾಗಿದ್ದ." ಇದನ್ನು ಆಕೆ ನೂರು ಸಲ ಹೇಳಿದ್ದಾಳೆ. ಅಂದರೆ 1948ರ ಜನವರಿ. ದೊಡ್ಡಪ್ಪನ ಸಾಲಿ ದಾಖಲೆ 1-6-1950 ಅನ್ನುತ್ತದೆ. ಎರಡನ್ನೂ ನಂಬಿದರೆ ದೊಡ್ಡಪ್ಪ ಎರಡು ವರ್ಷದ ಮೇಲೆ ಹೊಟ್ಟೆಯೊಳಗೇ ಇದ್ದ. ಈ ಮಾತು ಬಂದಾಗ ದೊಡ್ಡಪ್ಪ ಎದ್ದು ಎಲೆ ಉಗುಳಲು ಹೊರಗೆ ಹೋದ. ಪಿನ್‌ಶನ್ ತಿನ್ನುವ ಮನುಷ್ಯ, ಎಲ್ಲರೆದುರು ಏನಂತ ಹೇಳಿಯಾನು?

ಕಾಕಾನಿಗೆ 'ಶತಾಯುಷಿ' ಅಂತ ಬರೆಸುವ ಆಸೆ. ನೂರು ಆಗಿದೆ ಅಂತ ಅವನದು ಒಂದೇ ಹಟ. ಅದಕ್ಕೆ ಅಡ್ಡ ಬಂದದ್ದು ದೊಡ್ಡತ್ತಿ, ಆಯಿಯ ಹಿರೇ ಮಗಳು. "ಅವ್ವಗ ನೂರಾಗಿದ್ರ ನನಗೆಷ್ಟು ಅಂತ ಮಂದಿ ಕೇಳೂದಿಲ್ಲೇನು? ತೊಂಬತ್ತ ಅಂತ ಬರಸ್ರಿ." ಹೀಗೆ ತೊಂಬತ್ತಕ್ಕೂ ನೂರಕ್ಕೂ ನಡುವೆ ಜಗ್ಗಾಡಿ, ಕೊನೆಗೆ ಆ ಸಾಲನ್ನೇ ತೆಗೆದು 'ತುಂಬು ಜೀವನ ನಡೆಸಿ' ಅಂತ ಬರೆಸುವುದೆಂದಾಯಿತು. ದೊಡ್ಡತ್ತಿಯ ಮುಖದ ಮೇಲೆ ಆ ದಿನ ಮೊದಲ ಸಲ ಸಮಾಧಾನ ಕಂಡಿತು.

ಇನ್ನು ಫೋಟೊ. ಆಯಿಯ ಫೋಟೊ ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಆದರೆ ಎಲ್ಲದರಲ್ಲೂ ಆಕೆಯ ಬಾಯಿ ತೆರೆದಿದೆ, ಯಾಕೆಂದರೆ ಎಲ್ಲದರಲ್ಲೂ ಆಕೆ ಫೋಟೊ ತೆಗೆಯುವವನಿಗೆ ಬೈಯುತ್ತಿದ್ದಾಳೆ. ಬಾಯಿ ಮುಚ್ಚಿದ್ದು ಒಂದೇ ಒಂದು ಸಿಕ್ಕಿತು, ಯಾರದೋ ಮದುವೆಯದು. ಅದರಲ್ಲಿ ಆಕೆಯ ಬಾಯಿಯೊಳಗೆ ಹೋಳಿಗೆ ಇತ್ತು. ಅದನ್ನೇ ಫ್ಲೆಕ್ಸಿನವನಿಗೆ ಕೊಟ್ಟೆವು. ಸಂಜೆ ನಮೂನೆ ಮೊಬೈಲಿಗೆ ಬಂತು. ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಜಲಪಾತ, ಮುಂದೆ ನಮ್ಮ ಆಯಿ, ತುಟಿಗೆ ಗುಲಾಬಿ ಬಣ್ಣ. ಹರೇದಾಗ ಹಾಕಿಸಿಕೊಂಡ ಗದ್ದದ ಹಸಿರು ಹಚ್ಚಿಯನ್ನು ಆ ಹುಡುಗ ಕಲೆ ಅಂತ ತಿಳಿದು ಅಳಿಸಿ ಹಾಕಿದ್ದ. ಸುಕ್ಕು ಒಂದೂ ಇರಲಿಲ್ಲ. ದೊಡ್ಡತ್ತಿ ಕನ್ನಡಕ ಏರಿಸಿ ನೋಡಿ, "ಇಕಿ ಯಾರಾಕಿಪಾ?" ಅಂದಳು.

ಫೋನು ಹಚ್ಚಿ ಹೇಳಿದೆವು. ಹಚ್ಚಿ ತಿರುಗಿ ಬಂತು, ಆದರೆ ಗದ್ದದ ಬದಲು ಗಲ್ಲದ ಮೇಲೆ, ಕೂಸಿಗೆ ದೃಷ್ಟಿ ಬೊಟ್ಟು ಇಡುವ ಜಾಗದಲ್ಲಿ. ಅದಕ್ಕಿಂತ ದೊಡ್ಡ ಭಾನಗಡಿ ಎಂದರೆ, ಆ ಮದುವೆಯ ಫೋಟೊದಲ್ಲಿ ಪಕ್ಕದಲ್ಲಿದ್ದವರನ್ನು ಕತ್ತರಿಸುವಾಗ ಯಾರದೋ ನಾಲ್ಕು ಬೆರಳು ಆಯಿಯ ಹೆಗಲ ಮೇಲೆ ಉಳಿದುಬಿಟ್ಟವು. ಅದು ಕಟ್ಟಿದ ಮೇಲೆ ಕಂಡಿತು. ಮಾತನಾಡಿಸಲು ಬಂದವರೆಲ್ಲ ಮೊದಲು ಕೇಳಿದ್ದೇ ಅದು. ಯಾರೋ ಮುದುಕಿ, "ಅದು ಮುತ್ಯಾನ ಕೈ, ಹೇಂತೀನ್ನ ಕರಕೊಂಡು ಹೋಗಾಕ ಬಂದಾನ" ಅಂದಳು. ಸುತ್ತ ಕೂತವರು ಕೈಮುಗಿದರು. ಬೆರಳಿಗೆ ಕೆಂಪು ನೇಲ್ ಪಾಲಿಶ್ ಇದ್ದದ್ದನ್ನು ಯಾರೂ ಎತ್ತಲಿಲ್ಲ.

ವಿಳಾಸದ ಸಾಲಿನಲ್ಲೂ ಜಗಳವೇ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದ ಸೆಕ್ಟರ್ ನಂಬರ್ ಹಾಕಬೇಕೋ, ಹಳೆ ಊರಿನ ಕಿಲ್ಲಾ ಓಣಿ ಅಂತ ಹಾಕಬೇಕೋ? ಆಯಿ ಸೆಕ್ಟರನ್ನು ಕೊನೆಯವರೆಗೆ ಒಪ್ಪಿರಲಿಲ್ಲ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕಲ್ಲು ಇಟ್ಟಾಗ ನಮ್ಮ ಮುತ್ಯಾ, "ಆ ಕಟ್ಟಿ ನೀರು ನಮ್ಮ ಹೊಸ್ತಿಲಕ್ಕ ಬರೂದ್ರಾಗ ನಾವು ಯಾರೂ ಇರೂದಿಲ್ಲ ಬಿಡು" ಅಂದಿದ್ದನಂತೆ. ಅರ್ಧ ನಿಜವಾಯಿತು. ಅವನು ಇರಲಿಲ್ಲ, ಆಯಿ ಇದ್ದಳು. 2006ರ ಆಗಸ್ಟಿನಲ್ಲಿ ಅಬ್ದುಲ್ ಕಲಾಂ ಅವರು ಬಂದು ಆಲಮಟ್ಟಿ ಅಣೆಕಟ್ಟನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ಆಕೆ ನವನಗರದ ಓಣಿಯಲ್ಲಿ ಕಿಲ್ಲಾದಿಂದ ಬಂದವರು ಯಾರು, ಹಳಪೇಟಿಯಿಂದ ಬಂದವರು ಯಾರು ಅಂತ ಬೇರೆ ಬೇರೆ ಮಾಡಿ ಮುಗಿಸಿದ್ದಳು. ಆಟೊ ಹತ್ತಿದರೆ ಸೆಕ್ಟರ್ ಹೇಳುತ್ತಿರಲಿಲ್ಲ. "ಜೈನಪೇಟ್ಯಾಗ ಕಿರಾಣಿ ಅಂಗಡಿ ಇಟ್ಟಿದ್ರಲಾ, ಅವರ ಮನಿ ಹಿಂದ ಬಿಡು." ಆಟೊದ ಹುಡುಗ ಹುಟ್ಟುವ ಮೊದಲೇ ಆ ಅಂಗಡಿ ನೀರಿನ ಪಾಲಾಗಿತ್ತು.

ಮುಳುಗಡೆಯ ಪರಿಹಾರದ ಹಣ ಯಾವ ಮಗನ ಕೈಯಲ್ಲಿ ಹೇಗೆ ಕರಗಿತು ಅನ್ನುವುದು ಬೇರೆ ಕಥೆ, ಅದನ್ನು ಬರೆದರೆ ನನ್ನನ್ನು ಊರೊಳಗೆ ಬಿಡುವುದಿಲ್ಲ. ಆಯಿ ಮಾತ್ರ ಹಳೆ ಮನೆಯಿಂದ ತೇಗಿನ ಬಾಗಿಲ ಚೌಕಟ್ಟನ್ನು ಕೀಳಿಸಿ, ಟ್ರ್ಯಾಕ್ಟರಿನಲ್ಲಿ ಹಾಕಿಸಿ, ತಾನೂ ಅದರ ಮೇಲೆ ಕೂತು ಬಂದಳು. ಹೊಸ ಮನೆಯ ಬಾಗಿಲಿಗೆ ಅದು ಒಂದೂವರೆ ಅಡಿ ಅಗಲವಾಯಿತು. "ಮನಿ ದೊಡ್ಡದು ಮಾಡ್ರಿ" ಅಂದಳು. ಆಗದು ಅಂದಾಗ ಚೌಕಟ್ಟು ಹಿತ್ತಲು ಸೇರಿತು.

ಬಾಗಲಕೋಟೆಯ ಹೋಳಿ ಹುಣ್ಣಿಮೆ ಗೊತ್ತಿದ್ದವರಿಗೆ ಮುಂದಿನದು ಗೊತ್ತಾಗಿರಬೇಕು. ಹಲಗಿ ಸಪ್ಪಳ, ಬಣ್ಣದ ಬಂಡಿ ಎಲ್ಲ ಆಮೇಲಿನದು. ಅದಕ್ಕೂ ಮೊದಲು ಕಾಮನನ್ನು ಸುಡಲು ಹುಡುಗರು ಕಟಗಿ, ಕುಳ್ಳು ಕದಿಯುತ್ತಾರೆ. ಕೇಳಿ ತಂದರೆ ಕಾಮ ಉರಿಯುವುದಿಲ್ಲ ಅಂತ ನಂಬಿಕೆ. ಒಂದು ವರ್ಷ ನಮ್ಮ ಹಿತ್ತಲಿನ ಚೌಕಟ್ಟು ಹೋಯಿತು. ಎತ್ತಿಕೊಟ್ಟವನು ದೊಡ್ಡಪ್ಪನ ಮಗನೇ. ರಾತ್ರಿ ಹತ್ತರ ಹೊತ್ತಿಗೆ ಆಯಿಗೆ ತಿಳಿಯಿತು. ಕೌದಿ ಹೊದ್ದು, ಎಲೆ ಅಡಕಿಯ ಸಂಚಿ ಸಿಕ್ಕಿಸಿಕೊಂಡು, ಕಾಮನ ಕಟ್ಟೆಗೆ ಹೋದಳು. ಒಟ್ಟಿದ ಕಟಗಿಯ ಮೇಲೆ ಚೌಕಟ್ಟು ಮಲಗಿತ್ತು. ಆಯಿ ಏನೂ ಅನ್ನಲಿಲ್ಲ. ಏರಿ, ಅದರ ಮೇಲೆ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರತೊಡಗಿದಳು.

"ಆಯಿ, ಇಳೀರಿ, ಹೊತ್ತಾತು, ಬೆಂಕಿ ಹಚ್ಚಬೇಕು."

"ಹಚ್ಚೋ. ನಾ ಏನು ಬ್ಯಾಡ ಅಂದ್ನೇನು?"

ಹುಡುಗರು ಹಲಗಿ ಬಾರಿಸಿದರು, ಬೊಬ್ಬೆ ಹಾಕಿದರು, ಹೋಳಿಯ ರಾತ್ರಿ ಬಿಟ್ಟು ಮತ್ತೆಂದೂ ಬಾಯಲ್ಲಿ ತರಬಾರದ ಹಾಡೂ ಹಾಡಿದರು. ಆಯಿ ಅದರಲ್ಲಿ ಎರಡು ಸಾಲು ತಪ್ಪಿದ್ದನ್ನು ತಿದ್ದಿದಳು. ಅಲ್ಲಿಗೆ ಅವರು ಸೋತರು. ಚೌಕಟ್ಟನ್ನು ಹೊತ್ತುಕೊಂಡು ಬಂದು ಹಿತ್ತಲಲ್ಲಿಟ್ಟು, ಪ್ರತಿಯಾಗಿ ಒಂದು ಚೀಲ ಕುಳ್ಳು ಒಯ್ದರು. "ಕದ್ದಂಗ ಮಾಡಿ ಒಯ್ರಿ, ಇಲ್ಲಂದ್ರ ಕಾಮ ಉರಿಯೂದಿಲ್ಲ" ಅಂತ ಆಯಿಯೇ ಬೆನ್ನು ತಿರುಗಿಸಿ ನಿಂತಳು.

ಸರಕಾರಿ ಯಂತ್ರಗಳಿಗೂ ಆಕೆಗೂ ಆಗಿಬರಲಿಲ್ಲ. ಎಂಟನೇ ವಯಸ್ಸಿಗೇ ಕೊಣಮಿಗೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದ ಕೈ, ಬೆರಳಿನ ಗೆರೆ ಎಲ್ಲಿಂದ ಉಳಿಯಬೇಕು? ಹೆಬ್ಬಟ್ಟು ಇಟ್ಟರೆ ಯಂತ್ರ ಕೆಂಪು ದೀಪ ಹಚ್ಚುತ್ತಿತ್ತು. ಸೆರಗಿನಿಂದ ಒರೆಸಿ ಇಟ್ಟಳು, ಉಗುಳು ಹಚ್ಚಿ ಇಟ್ಟಳು, ಕಡೆಗೆ ಯಂತ್ರವನ್ನೇ ಕೇಳಿದಳು, "ನಾ ಅಲ್ಲಂದ್ರ ಮತ್ತ್ಯಾರು ಅನ್ನೂದರೆ ಹೇಳು." ಆ ಹುಡುಗ ಕಣ್ಣಿನ ಯಂತ್ರ ತಂದ. ರೆಪ್ಪೆ ಬಡಿಯದೆ ನೋಡಿರಿ ಅಂದ. ಸೊಸೆಯರನ್ನು ನೋಡಿ ನೋಡಿ ಪಳಗಿದ ಕಣ್ಣು, ಯಂತ್ರ ಒಂದೇ ಸಲಕ್ಕೆ ಒಪ್ಪಿತು. ಹುಡುಗ ಮಾತ್ರ, "ಸಾಕ್ರೀ ಆಯಿ, ಇನ್ನ ಆ ಕಡೆ ನೋಡ್ರಿ" ಅಂದ.

ಈಗ ಪಾಟ್ಲಿಯ ವಿಷಯಕ್ಕೆ ಬರಬೇಕು. ಆಯಿಯ ಕೈಯಲ್ಲಿ ಒಂದು ಜೋಡಿ ಪಾಟ್ಲಿ, ಅಂದರೆ ಅಗಲ ಬಳೆ, ಇದ್ದವು, ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತಿದ್ದವು. ಒಮ್ಮೆ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಹೋದಾಗ ಎಲ್ಲರನ್ನೂ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರು. ಬಾಗಿಲು ತೆಗೆದ ಕೂಡಲೇ ಒಳಗೆ ಹೋದದ್ದರಿಂದ ಗದ್ದಲ ಇರಲಿಲ್ಲ. ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬರುವಷ್ಟರಲ್ಲಿ ಆಯಿಗೆ ಏದುಸಿರು. ಗೋಡೆಗೆ ಒರಗಿ ಕೂತಳು, ಪಕ್ಕದಲ್ಲಿ ದೊಡ್ಡತ್ತಿ. ದೊಡ್ಡವ್ವ, ಅಂದರೆ ಹಿರೇ ಸೊಸೆ, ಸುತ್ತು ಹಾಕಿ ನೇರ ಎದುರಿನ ಗೋಡೆಗೆ ಹೋಗಿ ಕಾಲು ಚಾಚಿದಳು. ನಡುವೆ ಸುಮಾರು 38 ಮೀಟರಿನ ಬಯಲು, ಕೆಳಗೆ ಮಹಮ್ಮದ್ ಆದಿಲ್‌ಶಹನ ಗೋರಿ. ಇಷ್ಟು ದೂರವಿದ್ದಾಳಲ್ಲ ಅನ್ನುವ ಧೈರ್ಯದ ಮೇಲೆ ಆಯಿ ಮಗಳ ಕಿವಿಯಲ್ಲಿ, "ಪಾಟ್ಲಿ ನಿನಗ ಕೊಡಾಕಿ ಅದೀನಿ. ಹಿರೇ ಸೊಸಿಗೆ ಗೊತ್ತಾಗಬಾರದು ಮತ್ತ" ಅಂದಳು.

ಪಿಸುಮಾತು ಗೋಡೆಗುಂಟ ಉರುಳಿಕೊಂಡು ಹೋಗಿ ದೊಡ್ಡವ್ವನ ಕಿವಿಗೆ ಬಿತ್ತು. ಆಕೆ ಎದ್ದು ನಿಂತು ಕೂಗಿದಳು, "ನನಗೂ ಅದನ್ನ ಹೇಳಿದ್ರೆಲ್ಲರೀ ಅತ್ತೀ!"

ಗುಮ್ಮಟ ಸುಮ್ಮನಿರುತ್ತದೆಯೇ? ಅತ್ತೀ, ಅತ್ತೀ, ಅತ್ತೀ ಅಂತ ಏಳೆಂಟು ಸಲ ಹೇಳಿತು. ಕೆಳಗಿದ್ದ ಕಾವಲಿನವನು ತಲೆ ಎತ್ತಿ ನೋಡಿದ. ಆಯಿ ತಣ್ಣಗೆ, "ಇದನ್ನ ಕಟ್ಟಿಸಿದ ಬಾದಶಾನ ಮನ್ಯಾಗ ಅತ್ತಿ-ಸೊಸಿ ಇರಲಿಲ್ಲೇನು?" ಅಂದು ಇಳಿಯತೊಡಗಿದಳು. 1656ರಲ್ಲಿ ಮುಗಿದ ಆ ಕಟ್ಟಡದ ಬಗ್ಗೆ ಇಷ್ಟು ನೇರವಾದ ಆಕ್ಷೇಪ ಬೇರೆ ಯಾರೂ ಎತ್ತಿರಲಾರರು.

ಆಕೆ ಹೋದ ಮೇಲೆ ಟ್ರಂಕು ತೆಗೆದಾಗ ಗೊತ್ತಾಯಿತು, ಮಾತು ಸಿಕ್ಕಿದ್ದು ಇಬ್ಬರಿಗಲ್ಲ, ಐವರಿಗೆ. ದೊಡ್ಡತ್ತಿ, ದೊಡ್ಡವ್ವ, ಕಾಕಾನ ಹೆಂಡತಿ ಕಾಕು, ನನ್ನ ತಂಗಿ, ಜೊತೆಗೆ ದಿನಾ ಹಾಲು ಹಾಕಲು ಬರುತ್ತಿದ್ದ ಮುದುಕಿ. ಐವರಿಗೂ 'ಉಳಿದವರಿಗೆ ಗೊತ್ತಾಗಬಾರದು' ಅನ್ನುವ ಅದೇ ಕರಾರು. ಇಳಕಲ್ ಸೀರೆಯ ತೋಪಿನ ಸೆರಗಿನೊಳಗೆ ಗುಳೇದಗುಡ್ಡದ ಖಣ, ಖಣದೊಳಗೆ ಪಾಟ್ಲಿ. ತೂಕ ಮಾಡಿಸಿ ಹಂಚೋಣ ಅಂತ ಪತ್ತಾರನಲ್ಲಿಗೆ ಒಯ್ದರು. ಅವನು ಒರೆಗಲ್ಲಿಗೆ ಒಂದು ಸಲ ತಿಕ್ಕಿದ, ಮತ್ತೊಂದು ಸಲ ತಿಕ್ಕಿದ, ಆಮೇಲೆ ನೀರು ಕುಡಿದ. "ಹಿತ್ತಾಳಿರೀ. ಮ್ಯಾಲ ಬಂಗಾರದ ನೀರು ಹೊಡಿಸ್ಯಾರ."

ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಮೆಲ್ಲಗೆ, "ಎಪ್ಪತ್ತೆರಡರ ಬರದಾಗ ಮನಿಗೆ ಜ್ವಾಳದ ಚೀಲ ಎಲ್ಲಿಂದ ಬಂದ್ವು ಅಂತ ನನಗ ಈಗ ತಿಳೀತು" ಅಂದ.

"ಅಂದ್ರ ಇಷ್ಟು ವರ್ಷ ನಾ ಬೆಳಗಾದ್ರ ನೀರು ಕಾಸಿ ಕೊಟ್ಟಿದ್ದು ಹಿತ್ತಾಳಿಗೇನು?" ಅಂದಳು ದೊಡ್ಡವ್ವ. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ. ಅಷ್ಟರಲ್ಲಿ ದೊಡ್ಡತ್ತಿ ಪಾಟ್ಲಿಗೆ ಕೈ ಹಾಕಿದಳು. "ಹಿತ್ತಾಳಿ ಇರವಲ್ಲದ್ಯಾಕ, ಅವ್ವ ಕೊಡ್ತೀನಂದಿದ್ದು ನನಗ." ಕಾಕು ಬಿಡಲಿಲ್ಲ. ಬಂಗಾರ ಅಂತ ತಿಳಿದಿದ್ದಾಗ ಆಗದಷ್ಟು ಜಗಳ ಹಿತ್ತಾಳೆ ಅಂತ ಗೊತ್ತಾದ ಮೇಲೆ ಆಯಿತು. ಹಾಲಿನ ಮುದುಕಿಯೂ ಸುದ್ದಿ ತಿಳಿದು ಅಂಗಡಿಗೇ ಬಂದಳು. ತಲೆ ಚಿಟ್ಟು ಹಿಡಿದ ಪತ್ತಾರ, "ಜಗಳ ಬ್ಯಾಡ್ರಿ, ಇಂಥಾವ ಇನ್ನೂ ನಾಲ್ಕು ಜೋಡಿ ಮಾಡಿಕೊಡ್ತೀನಿ" ಅಂದ. ಮಾಡಿಕೊಟ್ಟ, ಮಜೂರಿಯನ್ನೂ ಸರಿಯಾಗಿ ತೆಗೆದುಕೊಂಡ.

ಈಗ ನಮ್ಮ ಬಳಗದಲ್ಲಿ ಐದು ಜೋಡಿ ಪಾಟ್ಲಿ ಇವೆ. ಆಯಿಯ ಅಸಲಿ ಹಿತ್ತಾಳೆ ಬಂದದ್ದು ತನಗೇ ಅಂತ ಐವರೂ ನನ್ನ ಹತ್ತಿರ ಹೇಳಿದ್ದಾರೆ, ಉಳಿದವರಿಗೆ ಗೊತ್ತಾಗಬಾರದು ಅನ್ನುವ ಕರಾರಿನ ಮೇಲೆ.