ಸ್ಪಷ್ಟನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಎಲ್ಲ ಔಷಧಿಯೂ ಫ್ರೀ ಅಲ್ಲ

"ಆಸ್ಟ್ರೇಲಿಯಾದ ಅಬಾರಿಜಿನಲ್ ಜನರಿಗೆ ಯಾವ ಮೆಡಿಕಲ್ ಶಾಪಿಗೆ ಹೋದರೂ ಔಷಧಿ ಫ್ರೀ" ಅನ್ನುವ ಮೆಸೇಜ್ ಓಡಾಡುತ್ತಿದೆ. ನಾನೂ ಮೊನ್ನೆ ಹಂಚಿದ್ದೆ. ತಪ್ಪಾಯಿತು, ಕ್ಷಮಿಸಿ.

ಎಲ್ಲರಿಗೂ ದುಡ್ಡಿಲ್ಲದೆ ಸಿಗುವುದು ದೂರದ ಊರುಗಳ ಅನುಮೋದಿತ ಆರೋಗ್ಯ ಕೇಂದ್ರಗಳಲ್ಲಿ, ಅದೂ ಸರ್ಕಾರದ ಸಬ್ಸಿಡಿ ಪಟ್ಟಿಯಾದ ಪಿಬಿಎಸ್‌ನಲ್ಲಿರುವ ಔಷಧಿಗಳು ಮಾತ್ರ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ 1999ರಿಂದ ಈ ವ್ಯವಸ್ಥೆ ಇದೆ. ಮೆಡಿಕಲ್ ಶಾಪ್ ನೂರಾರು ಕಿಲೋಮೀಟರ್ ದೂರ ಇರುವ ಕಡೆ ಶುಗರ್, ಬಿಪಿ ಮಾತ್ರೆ ಕ್ಲಿನಿಕ್ಕಿನಲ್ಲೇ ನರ್ಸ್ ಕೈಯಿಂದ ಸಿಗಬೇಕು, ಅಲ್ವಾ?

ಪೇಟೆಯಲ್ಲಿರುವವರಿಗೆ 2010ರಲ್ಲಿ ಬಂದ ಯೋಜನೆ ಬೇರೆ. ಅದಕ್ಕೆ ಹೆಸರು ನೋಂದಾಯಿಸಬೇಕು. ಕಡಿಮೆ ಆದಾಯದವರಿಗೆ, ಪಿಂಚಣಿದಾರರಿಗೆ ಸರ್ಕಾರ ಕೊಡುವ ರಿಯಾಯಿತಿ ಕಾರ್ಡ್ ಇದ್ದವರಿಗೆ ಸಾಮಾನ್ಯವಾಗಿ ಉಚಿತ, ಉಳಿದವರು ಕಡಿಮೆ ದರವನ್ನಾದರೂ ಕೊಡಬೇಕು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.