ಬೆಲೆ ಇಲ್ಲದ ಕಾಗದಕ್ಕೂ ಒಂದು ನಂಬರ್ ಕೊಡಿ

ಮೊನ್ನೆ ನಮ್ಮ ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರಿನ ಲೈಬ್ರರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹಿಂದಿನ ಕೋಣೆಯಲ್ಲಿ ಶಾಬಾದ್ ಕಲ್ಲಿನ ನೆಲದ ಮೇಲೆ ಎರಡು ಗೋಣಿಚೀಲ ಇದ್ದವು. ಬಾಯಿ ಕಟ್ಟಿರಲಿಲ್ಲ. ಮೇಲೆಯೇ ಒಂದು ಉದ್ದನೆಯ ನೋಟ್‌ಬುಕ್ ಕಂಡಿತು, ತೆಗೆದು ನೋಡಿದರೆ ತತ್ವಪದಗಳು. ನೀಲಿ ಮಸಿ, ಒತ್ತಿ ಬರೆದ ಕೈಬರಹ, ಪ್ರತಿ ಪದದ ಕೊನೆಗೆ ಅರಿಶಿನದ ಬೊಟ್ಟು. ಕಡಕೋಳ ಮಡಿವಾಳಪ್ಪನವರ ಪದಗಳ ನಡುವೆ ನಾನು ಎಲ್ಲೂ ಕೇಳದ ಪದಗಳೂ ಇದ್ದವು. ಕೆಳಗಿನ ಮೂಲೆ ಗೆದ್ದಲು ತಿಂದಿತ್ತು. ಯಾರೋ ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಿದ್ದರು. ಟೇಪ್ ಕಳಚಿ ಬಿದ್ದಿತ್ತು, ಅದರ ಅಂಟು ಮಾತ್ರ ಕಂದು ಬಣ್ಣದ ಪಟ್ಟಿಯಾಗಿ ಅಕ್ಷರದ ಮೇಲೆ ಉಳಿದಿತ್ತು.

ಇದನ್ನ ಯಾಕೆ ಇಲ್ಲಿ ಇಟ್ಟಿದ್ದೀರಿ ಅಂತ ಕೇಳಿದೆ. ಅಲ್ಲಿನ ಹುಡುಗ ಪಾಪ ನೇರವಾಗಿಯೇ ಹೇಳಿದ, "ಇದಕ್ಕ ರೇಟ್ ಇಲ್ರಿ ಸರ. ರಿಜಿಸ್ಟರ್‌ದಾಗ ಹ್ಯಾಂಗ ಏರಸ್ಲಿ? ಮನಿ ಖಾಲಿ ಮಾಡೋರು ತಂದು ಕೊಟ್ಟು ಹೋಗ್ಯಾರ. ರದ್ದಿಗೆ ಹೋಗ್ತದ."

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಹುಡುಗನ ತಪ್ಪು ಏನೂ ಇಲ್ಲ. ರಿಜಿಸ್ಟರ್‌ನಲ್ಲಿ ಲೇಖಕ, ಪ್ರಕಾಶಕ, ವರ್ಷ, ಬೆಲೆ ಅಂತ ಕಾಲಂ ಇರುತ್ತವೆ. ಈ ನೋಟ್‌ಬುಕ್‌ಗೆ ಆ ನಾಲ್ಕರಲ್ಲಿ ಒಂದೂ ಇಲ್ಲ. ಹಾಗಾಗಿ ನಂಬರ್ ಇಲ್ಲ. ನಂಬರ್ ಇಲ್ಲದ್ದು ಕಳೆದುಹೋದರೆ ಯಾರೂ ಕೇಳುವುದಿಲ್ಲ, ಯಾಕಂದ್ರೆ ಅದು ಇತ್ತು ಅನ್ನುವುದಕ್ಕೇ ದಾಖಲೆ ಇಲ್ಲ. ಪೇಟೆಯಲ್ಲಿ ಸಿಗುವ ಕಾದಂಬರಿ ಇಲ್ಲಿ ಹಾಳಾದರೆ ಬೆಂಗಳೂರಿನಲ್ಲಿ, ಧಾರವಾಡದಲ್ಲಿ ಇನ್ನೊಂದು ಪ್ರತಿ ಇದ್ದೇ ಇರುತ್ತೆ. ಆ ನೋಟ್‌ಬುಕ್ ಇರುವುದು ಒಂದೇ ಒಂದು. ಹೆಚ್ಚು ಜೋಪಾನ ಮಾಡಬೇಕಾದದ್ದು ಯಾವುದು ಹೇಳಿ?

ಚಿತ್ತಾಪುರದ ಪಕ್ಕದ ನಾಗಾವಿ ನಮ್ಮ ಜಿಲ್ಲೆಯದೇ ಅಲ್ವಾ. ಅಲ್ಲಿನ 1058ರ ಶಾಸನ ಒಂದು ಘಟಿಕಾಸ್ಥಾನದ ಬಗ್ಗೆ ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರ ಅದು. ಪಾಠ ಹೇಳುವವರ ಜೊತೆಗೇ ಅಲ್ಲಿ ಪುಸ್ತಕ ನೋಡಿಕೊಳ್ಳುವ 6 ಜನರ ಲೆಕ್ಕವೂ ಕಲ್ಲಿನಲ್ಲಿದೆ. ಅವರನ್ನು ಸರಸ್ವತೀ ಭಂಡಾರಿಗರು ಅಂತ ಕರೆದಿದ್ದಾರೆ. ಸಾವಿರ ವರ್ಷದ ಹತ್ತಿರ ಆಯಿತು. ಈವತ್ತು ನಮ್ಮ ಎಷ್ಟು ತಾಲೂಕು ಊರುಗಳ ಲೈಬ್ರರಿಯಲ್ಲಿ ಆರು ಜನ ಇದ್ದಾರೆ?

ಕಲ್ಲಿಗೆ ಬರೆದದ್ದು ಕಾಯುತ್ತದೆ. ಅದೇ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಎರಡು ಸಾವಿರ ವರ್ಷ ದಾಟಿದ ಅಕ್ಷರ. ಕಾಗದಕ್ಕೆ ಆ ಆಯುಷ್ಯ ಇಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ತಾನಾಗಿಯೇ ಹಳದಿಯಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಅದನ್ನ ಇನ್ನೂ ಬೇಗ ಮಾಡುತ್ತೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕು ಇದೆ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿ ಇದ್ದವರು. ಕಚೇರಿ ಕಾಗದ ಉರ್ದುವಿನಲ್ಲಿ, ಗಡಿ ಕಡೆ ಮರಾಠಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಒಂದೇ ಟ್ರಂಕ್‌ನಲ್ಲಿ ಮೂರು ಲಿಪಿ ಸಿಗುತ್ತವೆ. ಉರ್ದು ಓದುವವರು ನಮ್ಮಲ್ಲಿ ಜಾಸ್ತಿಯೇ ಇದ್ದಾರೆ, ಆದರೆ ಕಚೇರಿಯ ಆ ಓಟದ ಬರಹ, ಶಿಕಸ್ತಾ ಅಂತಾರಲ್ಲ, ಅದನ್ನ ಓದುವವರು ದಿನದಿನಕ್ಕೆ ಕಡಿಮೆ ಆಗ್ತಿದ್ದಾರೆ.

ಅದೇ ಚೀಲದಲ್ಲಿ ಅಂಥ ಒಂದು ಹಾಳೆ ಸಿಕ್ಕಿತು. ಜೊತೆಗಿದ್ದ ಹುಡುಗನೊಬ್ಬ ಉರ್ದು ಅಂಕಿ ಬಲ್ಲವನು, 1352 ಅಂತ ಓದಿದ. ಬಹಮನಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1347ರಲ್ಲಿ, ಹಾಗಾದರೆ ಇದು ಅವರ ಕಾಲದ್ದು ಅಂತ ಹುಡುಗರು ಕುಣಿದರು. ಅನುಮತಿ ತಗೊಂಡು ಅದನ್ನ ನಮ್ಮ ಓಣಿಯ ಮುತ್ಯಾನ ಹತ್ತಿರ ಒಯ್ದೆ. ತೊಂಬತ್ತರ ಹತ್ತಿರದ ವಯಸ್ಸು, ಸಣ್ಣವರಿದ್ದಾಗ ಉರ್ದು ಶಾಲೆಗೆ ಹೋದವರು, ಆಮೇಲೆ ಕಚೇರಿಯಲ್ಲಿ ಕಾರಕೂನರಾಗಿ ಹಳೇ ದಫ್ತರಗಳ ನಡುವೆಯೇ ಇದ್ದವರು. ಕನ್ನಡಕ ಹಣೆಗೆ ಏರಿಸಿ, ಹಾಳೆಯನ್ನ ಮೂಗಿಗೆ ಹತ್ತಿರ ಹಿಡಿದು, "ಇದು ಫಸಲಿ ಅದ ತಮ್ಮಾ, 590 ಕೂಡಿಸು" ಅಂದರು. ಫಸಲಿ ಅಂದರೆ ನಿಜಾಮರ ಕಚೇರಿಯಲ್ಲಿ ಬಳಸುತ್ತಿದ್ದ ಕಂದಾಯ ವರ್ಷದ ಎಣಿಕೆ. ಹಾಗಾಗಿ ಅದು 1942-43. ಒಬ್ಬ ರೈತ ತನ್ನ ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಯಾರೋ ಮುಳ್ಳು ಹಾಕಿ ಮುಚ್ಚಿದ್ದಾರೆ ಅಂತ ತಹಶೀಲ್ದಾರರಿಗೆ ಕೊಟ್ಟ ಅರ್ಜಿ. ಅದರಲ್ಲಿ ಹೊಲದ ಹೆಸರಿದೆ, ಜೋಡಿಬೇವಿನ ಹೊಲ. ಪಕ್ಕದ ಹಳ್ಳದ ಹೆಸರೂ ಇದೆ. ಆ ಹೊಲ ಇದ್ದ ಕಡೆ ಈಗ ಕಲ್ಲಿನ ಗಣಿ. ಆ ಹೆಸರು ಈಗಿನ ಯಾವ ಪಹಣಿಯಲ್ಲೂ ಇಲ್ಲ.

ಇಷ್ಟು ಸಣ್ಣ ಅರ್ಜಿಯಲ್ಲಿ ಒಂದು ಊರಿನ ನಕ್ಷೆ ಸಿಗುತ್ತೆ. ಇಂಥವು ಎಷ್ಟು ಹೋದವೋ. ಮೊಹರಂ ರಿವಾಯತ್ ಪದಗಳ ಪುಸ್ತಕ, ಬಯಲಾಟದ ಮಾಸ್ತರರು ಬರೆದಿಟ್ಟ ಪ್ರತಿ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಗಣಿಯಲ್ಲಿ ಕೆಲಸ ಮಾಡುವವರ ಫೋಟೋ, ಇವೆಲ್ಲ ದೀಪಾವಳಿ ಬಂತು ಅಂದ್ರೆ ಮನೆಯಿಂದ ಹೊರಗೆ ಬೀಳುತ್ತವೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಒಂದು ಕಬ್ಬಿಣದ ಕಪಾಟು ಸಾಕು, ಹೊರಗೋಡೆಗೆ ತಾಗದ ಹಾಗೆ ಇಡಬೇಕು. ಒಂದು ಬೇರೆ ರಿಜಿಸ್ಟರ್ ಬೇಕು, ಬೆಲೆಯ ಕಾಲಂನಲ್ಲಿ ದಾನ ಅಂತ ಬರೆದರೆ ಆಯಿತು. ಬೆಲೆಗಿಂತ ಮುಖ್ಯವಾದದ್ದು ಯಾರು ಕೊಟ್ಟರು, ಯಾವ ಊರಿನ ಯಾವ ಮನೆಯಿಂದ ಬಂತು ಅನ್ನುವುದು. ಅದನ್ನ ತಂದ ದಿನವೇ ಬರೆಯದಿದ್ದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಸೆಲ್ಲೋಟೇಪ್ ಬೇಡ, ರಬ್ಬರ್ ಬ್ಯಾಂಡ್ ಬೇಡ, ದಯವಿಟ್ಟು ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿದರೆ ಸಾಕು. ಮೊಬೈಲ್‌ನಲ್ಲಿ ಪ್ರತಿ ಹಾಳೆಯ ಫೋಟೋ ತೆಗೆದಿಡಿ, ಆದರೆ ಫೋಟೋ ಆಯಿತು ಅಂತ ಮೂಲ ಪ್ರತಿಯನ್ನ ಎಸೆಯಬೇಡಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಇದೆ. ಆ ಹಣದಲ್ಲಿ ಊರಿಗೆ ಒಂದು ಕಪಾಟು ಕೇಳುವುದು ಜಾಸ್ತಿ ಆಯಿತಾ?

ಲೈಬ್ರರಿಗೆ ಬರುವ ಹುಡುಗರೆಲ್ಲ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯ ಪುಸ್ತಕ ಕೇಳುತ್ತಾರೆ ಅನ್ನುವುದು ನಿಜ. ಕೇಳಲಿ. ನಾನೂ ಅದೇ ಬೆಂಚಿನ ಮೇಲೆ ಕೂತು ಓದಿಯೇ ಮಾಸ್ತರ್ ಆದವನು. ಅವರ ಕುರ್ಚಿಯನ್ನ ಈ ಕಪಾಟು ಕಿತ್ತುಕೊಳ್ಳುವುದಿಲ್ಲ. ಜೋಡಿಬೇವಿನ ಹೊಲದ ಅರ್ಜಿ ಓದಿ ಹೇಳಿದಾಗ ನನ್ನ ಜೊತೆ ಇದ್ದ ಹುಡುಗರು ಪರೀಕ್ಷೆಗೆ ಓದುವವರೇ. ಮರುದಿನ ಆ ಹಳ್ಳ ಎಲ್ಲಿದೆ ಅಂತ ನೋಡೋಕೆ ತಾವಾಗಿಯೇ ಹೋಗಿ ಬಂದರು.

ಆ ಎರಡು ಚೀಲವನ್ನ ಸದ್ಯಕ್ಕೆ ರದ್ದಿಗೆ ಹಾಕಬೇಡಿ ಅಂತ ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ. 200 ಪುಟದ ಒಂದು ರಿಜಿಸ್ಟರ್ ನಾನೇ ತಂದುಕೊಟ್ಟೆ. ಭಾನುವಾರ ಕೂತು ಒಂದೊಂದಾಗಿ ಏರಿಸುತ್ತೇವೆ. ಚಿತ್ತಾಪುರ, ಸೇಡಂ, ಶಹಾಪುರ, ಸುರಪುರ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಟ್ರಂಕ್ ಇದ್ದರೆ, ಒಂದು ಮೆಸೇಜ್ ಹಾಕಿ. ಕೊಡಲೇಬೇಕು ಅಂತೇನಿಲ್ಲ. ನಾನೇ ಬಂದು ನೋಡಿ, ಫೋಟೋ ತೆಗೆದುಕೊಂಡು, ಇದ್ದ ಹಾಗೆಯೇ ಮುಚ್ಚಿಟ್ಟು ಬರುತ್ತೇನೆ. ಮೋಡಿ ಓದುವವರು ಯಾರಾದರೂ ಗೊತ್ತಿದ್ದರೂ ಹೇಳಿ, ಚೀಲದಲ್ಲಿ ಇನ್ನೂ ಏಳು ಹಾಳೆ ಹಾಗೇ ಉಳಿದಿವೆ.